ಎಳೆತ ಅಳೆಯಲು ಹೋದ ಕಾಟಾ

ಮೂಟೆಗಳ ತೂಕ ಹೇಳುವ ಸ್ಪ್ರಿಂಗ್ ಕಾಟಾ ಗೋದಾಮಿನ ಮೊಳೆಯಿಂದಿಳಿದು ಮೊದಲ ಸಲ ಊರು ಬಿಟ್ಟದ್ದು ಒಂದು ಬುಧವಾರ. ನಿಜ ಹೇಳುವವನಿಗೆ ಎಲ್ಲಿ ಹೋದರೂ ಅನ್ನ ಹುಟ್ಟುತ್ತದೆ ಎಂದು ನಂಬಿದ್ದ ಅದು, ಊರೂರು ಸುತ್ತಿ ಒಂದು ಹೊಲಕ್ಕೆ ಬಂದಾಗ ಅಲ್ಲಿ ಕೆಂಪು, ನೀಲಿ ಎರಡು ಟ್ರ್ಯಾಕ್ಟರುಗಳು ಜಗಳಕ್ಕೆ ನಿಂತಿದ್ದವು. ಎಳೆತ ಕಡಿಮೆಯಿದ್ದದ್ದನ್ನು ನಾಳೆ ಗುಜರಿಗೆ ಹಾಕುತ್ತೇನೆಂದು ಯಜಮಾನ ಹೇಳಿದ್ದನಂತೆ.

“ನಮ್ಮ ನಡುವೆ ನಿಂತು ಯಾರ ಎಳೆತ ಎಷ್ಟೆಂದು ಹೇಳಪ್ಪ,” ಎಂದಿತು ಕೆಂಪು.

ಕಾಟಾ ಒಂದು ಕೊಕ್ಕೆ ಕೆಂಪಿಗೆ, ಇನ್ನೊಂದು ನೀಲಿಗೆ ಸಿಕ್ಕಿಸಿತು. ಬೆನ್ನಿಗೆ ಬೆನ್ನು ಮಾಡಿ ಎರಡೂ ಜಗ್ಗಿದವು. ಕೆಸರಲ್ಲಿ ನಿಂತಿದ್ದ ನೀಲಿ ಗಾಲಿ ತಿರುಗಿಸುತ್ತಲೇ ಹಿಂದಕ್ಕೆ ಜಾರಿತು.

“ನನ್ನದೆಷ್ಟು?” ಎಂದಿತು ಕೆಂಪು.

“ಹನ್ನೆರಡು ಕ್ವಿಂಟಾಲ್.”

“ಆ ಸೋತ ಮೂತಿಯದು?”

“ಅದೂ ಹನ್ನೆರಡೇ.”

“ತಲೆ ಕೆಟ್ಟಿದೆಯೇನೋ? ಗೆದ್ದವನು ನಾನು!”

ಕಾಟಾ ತನ್ನ ಮುಳ್ಳನ್ನು ಮತ್ತೆ ಮತ್ತೆ ನೋಡಿಕೊಂಡಿತು. ಎರಡರ ಎಳೆತಕ್ಕೂ ಇದ್ದದ್ದೇ ಒಂದು ಮುಳ್ಳು. “ಜಾಗ ಬದಲಿಸಿ ನೋಡೋಣ,” ಎಂದಿತು. ಈಗ ಕೆಂಪು ಕೆಸರಿಗಿಳಿಯಿತು, ನೀಲಿ ಗಟ್ಟಿ ನೆಲಕ್ಕೆ ಬಂತು. ಈ ಸಲ ಜಾರಿದ್ದು ಕೆಂಪು. ಮುಳ್ಳು ಮಾತ್ರ ಹನ್ನೆರಡಕ್ಕೇ ನಿಂತಿತ್ತು.

“ಹಾಗಾದರೆ ನಾನು ಬದುಕಿದೆನೇ?” ಎಂದಿತು ನೀಲಿ.

“ಗೊತ್ತಾಗುತ್ತಿಲ್ಲ ಮಾರಾಯ. ನಾನು ಅಳೆದದ್ದು ನಿಮ್ಮನ್ನಲ್ಲ, ಕೆಸರಿನ ಹಿಡಿತವನ್ನೇನೋ,” ಎಂದು ಕಾಟಾ ತಡವರಿಸಿತು.

ಅಲ್ಲಿಯವರೆಗೆ ಒಂದು ಮಾತಿಗೂ ಒಪ್ಪದಿದ್ದ ಎರಡೂ ಒಟ್ಟಿಗೆ ಕೂಗಿದವು: “ಕಾಟಾನೇ ಕೆಟ್ಟಿದೆ! ಗುಜರಿಗೆ ಹಾಕಬೇಕಾದ್ದು ಇದನ್ನೇ!”

ತಾನೇ ಕೆಟ್ಟಿದ್ದರೂ ಇರಬಹುದು ಎಂದು ಕಾಟಾಕ್ಕೂ ಅನ್ನಿಸಿತು. ಕೊಕ್ಕೆಗಳನ್ನು ಬಿಚ್ಚಿ, ಮಣ್ಣು ಒರೆಸಿ, ತನ್ನ ಗೋಣಿಚೀಲಕ್ಕೆ ತುಂಬಿಕೊಳ್ಳತೊಡಗಿತು.