ಐಬು ಹುಡುಕಲು ಹೋದ ಗೊಲ್ಲಾಳ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದವನ ಮೀಸೆ ಉದುರಿ ಬೀಳಲಿ. ಇಂಡಿಯಿಂದ ಸಿಂದಗಿಯವರೆಗೆ ಅಂಥ ಮೀಸೆ ಇನ್ನೊಂದಿಲ್ಲ. ಅದು ಗೊತ್ತಿದ್ದೇ ಇಟ್ಟ ಆಣೆ ಇದು.

ತಿಕೋಟಾದ ಗೊಲ್ಲಾಳ ಗುರುವನ್ನು ಹುಡುಕಿಕೊಂಡು ಹೋದವನಲ್ಲ. ವೈನ್ ಕೊಳ್ಳಲು ಹೋದವನು.

ಬೆಳಗಾವಿಯ ಒಬ್ಬ ವೈನ್ ಸಾವುಕಾರನ ಹತ್ತಿರ ಅವನದು ಮೂಗಿನ ಕೆಲಸ. ಮೂಸುವುದು, ಹೇಳುವುದು. ಆ ಮೂಗು ಸಾಮಾನ್ಯದ್ದಲ್ಲ. ವಿಜಯಪುರದಲ್ಲಿ ನಿಂತು, ಬಾಗಲಕೋಟೆಯ ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು ಎನ್ನುತ್ತಿತ್ತು.

ಚಿಲಿ ದೇಶಕ್ಕೆ ಕಳಿಸುವಾಗ ಸಾವುಕಾರ ಒಂದೇ ಪಾಠ ಹೇಳಿದ್ದ.

"ಅಗ್ಗದ ಮಾಲಿನಾಗ ಐಬು ಇದ್ದೇ ಇರ್ತೈತಿ. ಐಬು ಸಿಗೂತನಕ ಸಹಿ ಹಾಕಬ್ಯಾಡ. ಸಿಕ್ಕ ಮ್ಯಾಲೂ ಹಾಕಬ್ಯಾಡ."

ಹಾಗಾದರೆ ಸಹಿ ಹಾಕುವುದು ಯಾವಾಗ ಎಂದು ಗೊಲ್ಲಾಳ ಕೇಳಲಿಲ್ಲ. ಅವನ ಗೊಂದಲ ಅಲ್ಲಿಂದಲೇ ಶುರು.

ರಾಜಧಾನಿಯ ಸುತ್ತಿನ ಹೆಸರಾದ ದ್ರಾಕ್ಷಿ ಕಣಿವೆಗಳನ್ನು ನೋಡಿದ. ಅಲ್ಲಿನ ಬೆಲೆ ಕೇಳಿ ಎರಡು ಸಲ ಕೂತು, ಎರಡು ಸಲ ಎದ್ದ. ಆಮೇಲೆ ದಕ್ಷಿಣದ ಬಸ್ಸು ಹತ್ತಿದ.

ಚಿಯಾನ್ ಪೇಟೆಯ ದಲ್ಲಾಳಿಯೊಬ್ಬ ಬೆಳಿಗ್ಗೆ ಅವನನ್ನು ಜೀಪಿನಲ್ಲಿ ಇಟಾಟ ಹೊಳೆಯ ದಂಡೆಗೆ ತಂದು ಇಳಿಸಿದ. ಕೈಗೆ ಒಂದು ಕಾಗದ ಕೊಟ್ಟು, ಇಂಗ್ಲಿಷಿನಲ್ಲಿ ವಿಷಯ ಹೇಳಿದ.

ಆ ಗುಡ್ಡದ ದ್ರಾಕ್ಷಿ ಬಳ್ಳಿಗಳಿಗೆ ನೂರು ವರ್ಷ ದಾಟಿದೆ. ಮೂರು ವರ್ಷ ಇಲ್ಲಿಯ ವೈನ್ ಕೊಳ್ಳುತ್ತೇನೆಂದು ಸಹಿ ಹಾಕಿದರೆ ಬಳ್ಳಿಗಳು ಉಳಿಯುತ್ತವೆ. ಇಲ್ಲವೆಂದರೆ ನಾಳೆ ಬೆಳಿಗ್ಗೆ ಎಲ್ಲವನ್ನೂ ಬೇರುಸಮೇತ ಕಿತ್ತು, ಪೈನ್ ಮರ ನೆಡುತ್ತಾರೆ.

"ಹೊತ್ತು ಮುಳುಗುವಾಗ ಬರುತ್ತೇನೆ" ಎಂದು ದಲ್ಲಾಳಿ ಹೋದ.

ಕೀಳುವ ಹಳದಿ ಯಂತ್ರ ಆಗಲೇ ಬಂದು ಗುಡ್ಡದ ಬುಡದಲ್ಲಿ ನಿಂತಿತ್ತು. ಪಕ್ಕದಲ್ಲಿ ಪೈನ್ ಸಸಿಗಳು, ಮದುವೆ ಮನೆಗೆ ಬೇಗ ಬಂದ ಬೀಗರ ಹಾಗೆ, ಸಾಲಾಗಿ ಕೂತಿದ್ದವು.

ಹುಡುಕದೆ ಸಿಕ್ಕ ಆಶ್ರಮವೆಂದರೆ ಒಂದು ತಗಡಿನ ಶೆಡ್ಡು, ನಾಲ್ಕು ಮರದ ಪೀಪಾಯಿ, ಒಂದು ಕುದುರೆ. ಗುರುವೆಂದರೆ ಆ ಬಳ್ಳಿಗಳ ಒಡೆಯ, ಒಬ್ಬ ಮುದುಕ, ಡೋನ್ ಎಲಾಡಿಯೊ. ಅಲ್ಲಿ ಡೋನ್ ಎಂದರೆ ಕಳ್ಳಸಾಗಣೆಯವನಲ್ಲ. ನಮ್ಮಲ್ಲಿ ಅಜ್ಜಾರು ಎಂದ ಹಾಗೆ.

ಗೊಲ್ಲಾಳನೂ ಅಜ್ಜಾರು ಎಂದೇ ಕರೆದ.

ಅಜ್ಜಾರಿಗೆ ಕನ್ನಡ ಹೇಗೆ ಬರುತ್ತಿತ್ತು ಎಂದು ಯಾರೂ ಕೇಳಬಾರದು. ಜ್ಞಾನಿಗಳಿಗೆ ಭಾಷೆಯ ಹಂಗಿಲ್ಲ. ಅದೂ ಅಚ್ಚ ತಿಕೋಟಾದ ಕನ್ನಡ.

ಅಜ್ಜಾರು ಪೀಪಾಯಿಯಿಂದ ಚೆಕ್ಕೆ ಎದ್ದ ತಗಡಿನ ಮಗ್ಗಿಗೆ ವೈನ್ ಬಗ್ಗಿಸಿ ಕೊಟ್ಟರು. ಗೊಲ್ಲಾಳ ಮೂಸಿದ. ಕುಡಿದ. ಇನ್ನೊಮ್ಮೆ ಮೂಸಿದ.

"ಇದರಾಗ ಏನ ಐಬ ಐತ್ರಿ ಅಜ್ಜಾರ?"

"ನೀನ ಹೇಳು."

"ಛಲೋ ಐತ್ರಿ."

"ಮತ್ತ?"

"ಬೆಲಿ ಇಷ್ಟ ಕಡಿಮಿ, ರುಚಿ ಇಷ್ಟ ಛಲೋ. ಅದಕ್ಕ ಅಂಜಿಕಿ ಬರಾಕತ್ತೈತ್ರಿ."

"ಅಂಜಿಕಿ ಮಗ್ಗಿನಾಗ ಐತೋ, ನಿನ್ನಾಗ ಐತೋ?"

ಗೊಲ್ಲಾಳ ಮಗ್ಗಿನೊಳಗೆ ಇಣುಕಿ ನೋಡಿದ.

ಐಬು ತೋಟದಲ್ಲಿರಬೇಕು ಎಂದುಕೊಂಡು ಗುಡ್ಡ ಹತ್ತಿದ. ನೋಡಿದರೆ ತೋಟವೇ ಇಲ್ಲ. ತಿಕೋಟಾದವನ ಕಣ್ಣಿಗೆ ದ್ರಾಕ್ಷಿ ತೋಟವೆಂದರೆ ಕಂಬ, ತಂತಿ, ಚಪ್ಪರ, ಬುಡಬುಡಕ್ಕೆ ಕರಿ ಪೈಪು. ಇಲ್ಲಿ ಒಂದೊಂದು ಬಳ್ಳಿಯೂ ಮುಷ್ಟಿ ಕಟ್ಟಿದ ಮುದುಕಿಯ ಹಾಗೆ, ಯಾರ ಆಸರೆಯೂ ಇಲ್ಲದೆ, ತನ್ನ ಪಾಡಿಗೆ ನಿಂತಿತ್ತು.

"ಚಪ್ಪರ ಎಲ್ಲೈತ್ರಿ?"

"ಯಾರ ಮದಿವಿ?"

"ಅಲ್ರಿ, ಕಂಬ, ತಂತಿ. ಆಸರ ಇಲ್ದ ಬಳ್ಳಿ ನಿಲ್ಲಂಗಿಲ್ರಿ."

"ನಮ್ಮ ಮುತ್ಯಾನ ಅಪ್ಪ ಹಚ್ಚಿದ್ದು. ನಿಲ್ಲಾಕ ಆಗಂಗಿಲ್ಲಂತ ಅವಕ್ಕ ಹೇಳೂದು ಮರತಾನ ಕಾಣ್ತೈತಿ."

"ಡ್ರಿಪ್ ಪೈಪು?"

"ಇಲ್ಲ."

"ಮತ್ತ ನೀರು ಎಲ್ಲಿಂದ ಕುಡೀತಾವ್ರಿ?"

ಅಜ್ಜಾರು ಸಲಿಕೆ ಕೊಟ್ಟರು. "ತೋಡು."

ಗೊಲ್ಲಾಳ ಎರಡು ಬಳ್ಳಿಗಳ ನಡುವೆ ತೋಡಿದ. ಮೊಣಕಾಲುದ್ದ ತೋಡಿದ, ಸೊಂಟದುದ್ದ ತೋಡಿದ. ಬೇರು ಕೆಳಗೆ ಹೋಗುತ್ತಲೇ ಇತ್ತು, ಅವನೂ ಹಿಂದೆಯೇ ಹೋದ. ಇನ್ನೊಂದು ಮೊಳ ತೋಡಿದ್ದರೆ ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ತಲೆ ಎತ್ತುತ್ತಿದ್ದ.

"ಬೇರು ಮುಗೀತೇನು?" ಮೇಲಿನಿಂದ ಅಜ್ಜಾರು ಕೇಳಿದರು.

"ಇಲ್ರಿ."

"ಮಣ್ಣು ಹ್ಯಾಂಗೈತಿ?"

"ಮ್ಯಾಲ ಒಣಾ ಪುಡಿ. ಇಲ್ಲಿ ತಣ್ಣಗೈತ್ರಿ."

"ಅಲ್ಲಿ ಪಂಪಿನ ಕರೆಂಟ್ ಬಿಲ್ಲೇನರ ಸಿಕ್ಕಿತೇನು?"

"ಇಲ್ರಿ."

"ಹಂಗಾರ ಮ್ಯಾಲ ಬಾ."

ಮಧ್ಯಾಹ್ನ ರೊಟ್ಟಿಯಂಥದೇನೋ ತಿಂದರು. ಗೊಲ್ಲಾಳನ ತಲೆ ಗಿರ್ರೆನ್ನುತ್ತಿತ್ತು. ವೈನಿನಿಂದಲ್ಲ. ಐಬು ಇನ್ನೂ ಸಿಕ್ಕಿರಲಿಲ್ಲ, ಹೊತ್ತು ಇಳಿಯುತ್ತಿತ್ತು.

ಅವನ ಚೀಲದಲ್ಲಿ ಹೆಸರಾದ ಕಣಿವೆಯವರು ಮಾದರಿಗೆಂದು ಕೊಟ್ಟ ಒಂದು ಬಾಟಲಿ ಇತ್ತು. ದಪ್ಪ ಗಾಜು, ಬುಡದಲ್ಲಿ ಮುಷ್ಟಿ ಹೋಗುವಷ್ಟು ತಗ್ಗು. ಬಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಎಡಗಡೆ ಕೂತದ್ದಕ್ಕೆ ಬಸ್ಸು ದಾರಿಯುದ್ದ ಎಡಕ್ಕೆ ವಾಲಿ ನಡೆದಿತ್ತು.

ಅದನ್ನು ಅಜ್ಜಾರ ಮುಂದೆ ಇಟ್ಟ.

"ಇದನ್ನ ನೋಡ್ರಿ. ಮಾಲು ಅಂದ್ರ ಹಿಂಗ ಇರಬೇಕು."

ಅಜ್ಜಾರು ಬಿರಡೆ ತೆಗೆದು, ಅದನ್ನೂ ಪೂರ್ತಿ ಒಂದು ತಗಡಿನ ಮಗ್ಗಿಗೆ ಸುರಿದರು. ಪಕ್ಕದಲ್ಲಿ ತಮ್ಮ ಮಗ್ಗನ್ನು ಇಟ್ಟರು.

"ಮೂಸು. ಯಾವುದು ಹೆಚ್ಚು?"

ಗೊಲ್ಲಾಳನ ನಾಲಿಗೆ ಸುಳ್ಳು ಕಲಿತಿತ್ತು. ಮೂಗು ಕಲಿತಿರಲಿಲ್ಲ.

"ಅದು ಗೌಡರ ನಡಿಗಿ ಇದ್ದಂಗ ಐತ್ರಿ, ಗತ್ತಿಂದು. ಇದು ಹಗರ. ನಮ್ಮವ್ವ ಕೊಡ ಹೊತ್ತ ಬರೂ ನಡಿಗಿ ಇದ್ದಂಗ. ಯಾವುದು ಹೆಚ್ಚು ಅಂತ ಹ್ಯಾಂಗ ಹೇಳ್ಳಿ?"

"ಬೆಲಿ?"

"ಅದರದು ಇದರ ನಾಕಪಟ್ಟು."

"ಅಲ್ಲಿ ಏನೇನ್ ನೋಡಿದಿ?"

"ಅಮೃತಶಿಲೆ ಹಾಲ್ ಇತ್ರಿ. ಕಾರಂಜಿ ಇತ್ತು. ಒಬ್ಬಾಕಿ ಪಿಟೀಲು ಬಾರಸಾಕತ್ತಿದ್ಳು."

"ಅವೆಲ್ಲಾ ಬಾಟ್ಲಿಯೊಳಗ ಬಂದಾವೇನು?"

"ಇಲ್ರಿ."

"ಬೆಲಿಯೊಳಗ?"

ಗೊಲ್ಲಾಳ ಬೆರಳು ಮಡಚಿ ಲೆಕ್ಕ ಹಾಕತೊಡಗಿದ.

ಅಜ್ಜಾರು ಖಾಲಿ ಬಾಟಲಿಯನ್ನು ಅವನ ಕೈಗೆ ಕೊಟ್ಟು, ಸಲಿಕೆಯನ್ನು ಹೆಗಲಿಗಿಟ್ಟು ಹೊಳೆಯ ಕಡೆ ನಡೆದರು. ಅವನು ಹಿಂದೆ ನಡೆದ. ಅರ್ಧ ದಾರಿಗೆ ಕೈ ಸೋತಿತು.

"ಇದನ್ನ ಎಲ್ಲಿ ಇಡ್ಲಿ ಅಜ್ಜಾರ?"

"ಅದರಾಗ ಏನೈತಿ?"

"ಏನೂ ಇಲ್ರಿ."

"ರೊಕ್ಕ ಕೊಡೂದು ಅದಕ್ಕ. ಚೆಂದಗೆ ಹಿಡಕೋ."

ಹೊಳೆಯ ದಂಡೆಯಲ್ಲಿ ಕೂತರು. ಗೊಲ್ಲಾಳ ಬಾಟಲಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡ. ಹೊತ್ತು ಪಶ್ಚಿಮಕ್ಕೆ ವಾಲಿತ್ತು.

"ಈ ಹಣ್ಣಿಗೆ ಏನಂತಾರ್ರಿ?"

"ಪಾಯಿಸ್. ಅಂದ್ರ ಈ ನಾಡಿಂದು."

"ಜವಾರಿ ಅನ್ರಿ."

"ಅದ. ಜವಾರಿ."

"ಇಷ್ಟ ದಿನಾ ಯಾರು ಒಯ್ತಿದ್ರು?"

"ಲಾರಿ ಬರ್ತಿತ್ತು. ಒಯ್ದು ದೊಡ್ಡ ಟಾಕಿಯೊಳಗ ಸುರೀತಿದ್ರು. ಬ್ಯಾರೆ ಹಣ್ಣಿನ ಜೋಡಿ ಕಲಸಿ, ಹೊರಗ ಬರೂವಾಗ ಬ್ಯಾರೆ ಹೆಸರು."

"ಅಂದ್ರ ಈ ಹೊಳಿ ಹೆಸರು ಬಾಟ್ಲಿ ಮ್ಯಾಲ ಇರ್ತಿರಲಿಲ್ಲ."

"ಇರ್ತಿರಲಿಲ್ಲ."

ಗೊಲ್ಲಾಳ ತಟ್ಟನೆ ಎದ್ದು ನಿಂತ. ಬಾಟಲಿ ಉರುಳಿ ಮರಳಿನಲ್ಲಿ ಬಿತ್ತು.

"ಸಿಕ್ಕಿತ್ರಿ ಐಬು. ಈ ಊರಿನ ಹೆಸರ ಯಾರೂ ಕೇಳಿಲ್ಲ. ನಮ್ಮ ಸಾವುಕಾರಗ ಇಟಾಟ ಅಂದ್ರ, ಯಾವ ಟಾಟಾ ಅಂತಾನ. ಹೆಸರಿಲ್ಲದ್ದ ಇದರ ಐಬು."

ಬೆಳಗಿನಿಂದ ಹುಡುಕಿದ್ದು ಕೊನೆಗೆ ಕೈಗೆ ಸಿಕ್ಕಿತ್ತು. ಅವನು ಜೇಬಿನಿಂದ ಕಾಗದ ತೆಗೆದು, ನಾಲ್ಕು ಮಡಿಕೆ ಮಾಡಿ, ಮತ್ತೆ ಜೇಬಿಗೆ ತುರುಕಿದ. ಸಹಿ ಇಲ್ಲ ಎಂದರೆ ಇಲ್ಲ. ಆದರೂ ಸಂತೋಷ ಮಾತ್ರ ಆಗಲಿಲ್ಲ. ಯಾಕೆಂದು ತಿಳಿಯಲಿಲ್ಲ.

ದೂರದ ದಾರಿಯಲ್ಲಿ ಜೀಪಿನ ಧೂಳು ಎದ್ದಿತು.

ಅಜ್ಜಾರು ಗುಡ್ಡದ ಕಡೆ ನೋಡಲಿಲ್ಲ. ಯಂತ್ರದ ಕಡೆಯೂ ನೋಡಲಿಲ್ಲ.

"ನಿಂದು ಯಾವ ಊರು, ತಮ್ಮಾ?"

"ತಿಕೋಟಾ."

"ಕೇಳಿಲ್ಲ."

ಗೊಲ್ಲಾಳನಿಗೆ ಸಿಟ್ಟು ಬಂತು. "ಕೇಳಿಲ್ಲ ಅಂದ್ರ ಹ್ಯಾಂಗ್ರಿ? ನಮ್ಮೂರ ಒಣದ್ರಾಕ್ಷಿ ಅಂದ್ರ ಇಡೀ—"

ಇಡೀ ಯಾವುದು ಎಂದು ಅವನಿಗೆ ಹೊಳೆಯಲಿಲ್ಲ. ಚೀಲಕ್ಕೆ ಕೈ ಹಾಕಿ, ಅವ್ವ ಕಟ್ಟಿಕೊಟ್ಟಿದ್ದ ಗಂಟನ್ನು ಬಿಚ್ಚಿ ಮುಂದೆ ಹಿಡಿದ. ಅವ್ವ ಒಂದೊಂದರ ಕಡ್ಡಿಯನ್ನೂ ಉಗುರಿನಿಂದ ಬಿಡಿಸಿ ಕಟ್ಟಿದ್ದಳು.

ಅಜ್ಜಾರು ಒಂದನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ನೋಡಿದರು. ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರು ಅಗಿದು ಮುಗಿಸುವಷ್ಟರಲ್ಲಿ ಸೂರ್ಯ ಒಂದು ಮಾರು ಕೆಳಗೆ ಇಳಿದಿದ್ದ.

"ಇದು ತುಟ್ಟಿ ಏನು?"

"ಇಲ್ರಿ. ಅಗ್ಗ."

"ಯಾರು ಒಯ್ತಾರ?"

"ಲಾರಿ ಬರ್ತೈತ್ರಿ. ಗಡಿ ಆಚಿ ಪ್ಯಾಟಿಗೆ ಒಯ್ತಾರ. ಅಲ್ಲಿ..."



"ಅಲ್ಲಿ?"

"ಅಲ್ಲಿ ಬ್ಯಾರೆ ಊರ ಹೆಸರ ಹಚ್ಚತಾರ್ರಿ."

ಹೊಳೆ ಹರಿಯುತ್ತಿತ್ತು. ಜೀಪಿನ ಸದ್ದು ಹತ್ತಿರವಾಯಿತು.

"ಹಂಗಾರ," ಅಜ್ಜಾರು ಕೇಳಿದರು, "ಇದರಾಗ ಏನ ಐಬ ಐತಿ, ತಮ್ಮಾ?"

ಗೊಲ್ಲಾಳ ಅವ್ವನ ಗಂಟನ್ನು ನೋಡಿದ. ಗುಡ್ಡದ ಮೇಲಿನ ಮುದುಕಿ ಬಳ್ಳಿಗಳನ್ನು ನೋಡಿದ. ಹಳದಿ ಯಂತ್ರದ ಮೇಲೆ ಸಂಜೆಬಿಸಿಲು ಬಿದ್ದಿತ್ತು.

ಕಾಗದ ತೆಗೆದು, ಮಡಿಕೆ ಬಿಡಿಸಿ, ಸಲಿಕೆಯ ಮೇಲಿಟ್ಟು ಸಹಿ ಹಾಕಿದ. ಸಾವುಕಾರನಿಗೆ ಏನು ಹೇಳುವುದೆಂದು ಆಗಲೂ ಗೊತ್ತಿರಲಿಲ್ಲ, ಬೆಳಗಾವಿ ಮುಟ್ಟುವವರೆಗೂ ಗೊತ್ತಾಗಲಿಲ್ಲ.

ದಲ್ಲಾಳಿ ಬಂದು ಕಾಗದ ನೋಡಿದ. ಗುಡ್ಡದ ಬುಡಕ್ಕೆ ಹೋಗಿ ಕೈ ಬೀಸಿದ. ಯಂತ್ರ ಒಂದು ಸಲ ಕೆಮ್ಮಿ, ಹೊಗೆ ಉಗುಳಿ, ಬಂದ ದಾರಿ ಹಿಡಿಯಿತು. ಪೈನ್ ಸಸಿಗಳು, ಊಟ ಸಿಗದ ಬೀಗರ ಹಾಗೆ, ಟ್ರಾಲಿ ಹತ್ತಿದವು.

ಜೀಪಿಗೆ ಕಾಲಿಡುವಾಗ ಗೊಲ್ಲಾಳ ತಿರುಗಿ ಕೇಳಿದ.

"ಅಜ್ಜಾರ, ಈ ಊರ ಹೆಸರ ನಾಕ ಮಂದಿಗೆ ಹೇಳ್ಲಿ?"

"ಹೇಳು. ಮೊದಲ ನೀ ಕೊಂಡು ಮುಗಿಸಿ, ಆಮ್ಯಾಲ ಹೇಳು."

ಇಷ್ಟೇ ಕಥೆ. ಮೀಸೆ ಇನ್ನೂ ಇದ್ದಲ್ಲೇ ಇದೆ.

ಆದರೆ ಎಡಗಡೆ ನಾಲ್ಕು ಕೂದಲು ಸಡಿಲಾದಂತೆ ಅನಿಸುವುದರಿಂದ ಒಂದು ಸಣ್ಣ ಸಂಗತಿ ಒಪ್ಪಿಕೊಳ್ಳಬೇಕು. ಅಜ್ಜಾರಿಗೆ ಕನ್ನಡ ಬರುತ್ತಿರಲಿಲ್ಲ.

ಗೊಲ್ಲಾಳನಿಗೆ ಅವರ ಭಾಷೆಯೂ ಬರುತ್ತಿರಲಿಲ್ಲ. ಮಗ್ಗು ನಿಜ, ಸಲಿಕೆ ನಿಜ, ಖಾಲಿ ಬಾಟಲಿ ಹೊತ್ತದ್ದು ನಿಜ, ಸಹಿಯೂ ನಿಜ. ಹಣ್ಣಿನ ಹೆಸರೂ ಲಾರಿಯ ಸಂಗತಿಯೂ ದಲ್ಲಾಳಿಯ ಕಾಗದದಲ್ಲಿದ್ದವು. ಇಡೀ ದಿನ ಪ್ರಶ್ನೆ ಕೇಳಿದವನೂ ಉತ್ತರ ಕೊಟ್ಟವನೂ ಗೊಲ್ಲಾಳ ಒಬ್ಬನೇ. ಅಜ್ಜಾರು ಬಾಯಿ ಬಿಟ್ಟದ್ದು ಒಂದೇ ಒಂದು ಸಲ, ಒಣದ್ರಾಕ್ಷಿ ತಿಂದು ಮುಗಿಸಿದ ಮೇಲೆ. ಆ ಒಂದು ಮಾತಿನ ಅರ್ಥವನ್ನು ಅವನು ದಾರಿಯಲ್ಲಿ ದಲ್ಲಾಳಿಯಿಂದ ಕೇಳಿ ತಿಳಿದುಕೊಂಡ.

ಅಂಗೈ ಚಾಚಿ ಅವರು ಅಂದದ್ದು ಇಷ್ಟು: "ಇನ್ನಷ್ಟು."