ಮುಸುಕಮ್ಮನ ಗುಡ್ಡ

ಸಿಲುವೆಕೊಪ್ಪಲಿನ ಪಡುವಲಿಗೆ, ಹೊಳೆಯ ಆಚೆ ದಡದ ಗುಡ್ಡದ ಮೇಲೆ, ಎರಡು ಹೆಬ್ಬಂಡೆಗಳ ನಡುವೆ ಒಂದು ಚಿಕ್ಕ ಕಲ್ಲುಗುಡಿ ಇದೆ. ಮೇಲೊಂದು ಶಿಲುಬೆ, ಒಳಗೊಂದು ಗೂಡು, ಗೂಡಿನ ಮುಂದೆ ನೇರಳೆ ಬಣ್ಣದ ಬಟ್ಟೆ, ಅಷ್ಟೆ. ಬೇರೆ ಊರುಗಳಲ್ಲಿ ನಲವತ್ತು ದಿನ ಉಪವಾಸವಿರುವ ತಪಸ್ಸುಕಾಲದ ಕೊನೆಗೆ ಸ್ವರೂಪಗಳಿಗೆ, ಎಂದರೆ ಗುಡಿಯ ಪ್ರತಿಮೆಗಳಿಗೆ, ಮುಸುಕು ಹಾಕಿ, ಯೇಸು ಮತ್ತೆ ಎದ್ದ ಪಾಸ್ಕ ಹಬ್ಬಕ್ಕೆ ತೆಗೆಯುತ್ತಾರೆ. ಇಲ್ಲಿ ಒಗೆಯುವುದಕ್ಕೆ ಬಿಟ್ಟರೆ ವರ್ಷವಿಡೀ ತೆಗೆಯುವುದಿಲ್ಲ. ಬಂದವರು ಬಟ್ಟೆಯ ಅಂಚೆತ್ತಿ ಇಣುಕಿ, ಒಳಗೆ ಏನೂ ಇಲ್ಲವಲ್ಲ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಇಣುಕಿದರೆ ಇಣುಕಲಿ, ಅದಕ್ಕೆ ಊರಿನ ಹಿರಿಯರಿಗೆ ಬೇಸರವಿಲ್ಲ. ಕಾಣದ್ದನ್ನು ಕಂಡೆನೆಂದು ಬೊಗಳೆ ಬಿಡುವವರನ್ನು ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೊಂದು ಕಾರಣವಿದೆ.

ಹಿಂದೆ ಈ ಗೂಡಿನಲ್ಲಿ ದೇವಮಾತೆಯ ಮಣ್ಣಿನ ಸ್ವರೂಪವಿತ್ತು ಎನ್ನುತ್ತಾರೆ. ಊರಿಗೆ ಆಗ ಸ್ವಂತ ಪಾದ್ರಿಗಳಿರಲಿಲ್ಲ. ಹಬ್ಬಕ್ಕೊಮ್ಮೆ ದೂರದಿಂದ ಒಬ್ಬರು ಕುದುರೆಯ ಮೇಲೆ ಬಂದು ಹೋಗುತ್ತಿದ್ದರು. ಗುಡಿಯ ಉಸ್ತುವಾರಿಯೆಲ್ಲ ಊರ ಯಜಮಾನ ಇನ್ನಾಸಪ್ಪನದು. ಒಂದು ವರ್ಷ ಆತ ಒಬ್ಬನೇ ಹೋಗಿ ಮುಸುಕು ಹಾಕಿ ಬಂದ. ಬಂದವನೇ, ಬಟ್ಟೆಯೊಳಗೆ ಅಮ್ಮ ಉಸಿರಾಡುತ್ತಿದ್ದಾಳೆ, ಮಲ್ಲಿಗೆಯ ಪರಿಮಳ ಸೂಸುತ್ತಿದ್ದಾಳೆ, ನಂಬಿಕೆಯಿದ್ದವರಿಗೆ ಮಾತ್ರ ಅದು ಗೊತ್ತಾಗುತ್ತದೆ, ಮುಸುಕು ಮುಟ್ಟಿದವರ ಕಣ್ಣು ಹೋಗುತ್ತದೆ ಎಂದು ಸಾರಿದ. ಸರಿ, ಶುರುವಾಯಿತು. ಒಬ್ಬಳಿಗೆ ಅಮ್ಮನ ಕೈ ಆಡಿದ್ದು ಕಂಡಿತು, ಇನ್ನೊಬ್ಬನಿಗೆ ಮುಗುಳ್ನಗೆ ಕಂಡಿತು, ಅದೂ ದಪ್ಪ ಬಟ್ಟೆಯ ಮರೆಯಲ್ಲಿ. ಮಲ್ಲಿಗೆಯನ್ನಂತೂ ಊರಿಗೂರೇ ಮೂಸಿತು. ಪನ್ನೀರು ತಂದು ಮುಸುಕಿನ ಮೇಲೆ ಚಿಮುಕಿಸಿದ್ದೂ ಚಿಮುಕಿಸಿದ್ದೇ. ಮೂಗಿಗೆ ಬೇರೆಯದೇ ಬಡಿದರೂ ಬಾಯಲ್ಲಿ ಮಲ್ಲಿಗೆ ಎಂದರು, ಪಕ್ಕದವರು ಏನೆಂದುಕೊಂಡಾರೋ ಎಂಬ ಅಂಜಿಕೆ. ಥೂ, ಅದೂ ಒಂದು ಭಕ್ತಿಯೇ.

ಮದಲೇನಮ್ಮ ಎಂಬ ಗಂಡ ಸತ್ತ ಹೆಂಗಸೊಬ್ಬಳು ಆ ಊರಲ್ಲಿದ್ದಳು. ಅಗತ ಎಂಬ ಅವಳ ಇದ್ದೊಬ್ಬ ಮಗಳು ಜ್ವರ ಬಂದು ಮೇಲೇಳದೆ ಮಲಗಿದ್ದಳು. ನಾಟಿ ಮದ್ದು ಯಾವುದೂ ನಾಟದಾಗ ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗುಡಿಗೆ ಬಂದು ಕೂತಳು. ಕೂತವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬರುತ್ತಿದ್ದುದು ಮಲ್ಲಿಗೆಯಲ್ಲ, ನಾತ. ಬಿಸಿಲು ಏರಿದಂತೆ ಅದೂ ಏರಿತು. ಮುಸುಕಿಗೆ ಮುತ್ತಿದ್ದ ನೊಣಗಳೇ ಹಾರಿ ಬಂದು ಮಗಳ ತುಟಿಯ ಮೇಲೆ ಕೂರುತ್ತಿದ್ದವು. ಸುತ್ತ ಕೂತವರು ಮಾತ್ರ ಕಣ್ಣು ಮುಚ್ಚಿ, ಆಹಾ ಎಂದು ಉಸಿರೆಳೆದುಕೊಳ್ಳುತ್ತಿದ್ದರು. ಮದಲೇನಮ್ಮನಿಗೆ ಮೊದಲು ಅಸಹ್ಯವಾದದ್ದು ತನ್ನ ಮೇಲೆಯೇ. ಎಲ್ಲರಿಗೂ ಪರಿಮಳವಾದದ್ದು ತನಗೊಬ್ಬಳಿಗೆ ನಾತವಾದರೆ ತನ್ನೊಳಗೇ ಏನೋ ಕೊಳೆತಿರಬೇಕು, ಅದಕ್ಕೇ ಮಗಳ ಜ್ವರ ಬಿಡುತ್ತಿಲ್ಲ ಎಂದು ಹಣೆಯನ್ನು ಕಲ್ಲಿಗೆ ಚಚ್ಚಿಕೊಂಡಳು. ಇನ್ನಾಸಪ್ಪನೂ ಬಂದು ಅದನ್ನೇ ಹೇಳಿದ. "ಮಲ್ಲಿಗೆ ಬತ್ತದೆ ಅಂತ ಎಲ್ರ ಮುಂದೆ ಒಪ್ಕೊ ಮದಲೇನಿ, ಮಗು ಎದ್ದು ಕೂತ್ಕತದೆ. ನಿನ್ನ ಅಪನಂಬಿಕೆನೇ ಆ ಕೂಸ ಸುಡ್ತಿರಾದು."

ಮಗಳಿಗಾಗಿ ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ಹೇಳಿಬಿಟ್ಟಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ಅವಳು ಎದ್ದು ನಿಂತಳು. "ನಂಗೆ ನಾತ ಬತ್ತದೆ ಯಜಮಾನ್ರೇ. ಅಮ್ಮನ ಎದ್ರು ಸುಳ್ಳಾಡಿ ಮಗಳ ಉಸ್ರು ಕೇಳಾಕಿಲ್ಲ ನಾನು. ಕಣ್ ಹೋದ್ರೆ ಹೋಗ್ಲಿ," ಎಂದವಳೇ ಮುಸುಕನ್ನು ಎಳೆದುಬಿಟ್ಟಳು. ಒಳಗೆ ಒಂದು ಒನಕೆ ನಿಂತಿತ್ತು. ಅದರ ತಲೆಯ ಮೇಲೆ ಒಣಮೀನಿನ ಗಡಿಗೆ ಕವುಚಿತ್ತು. ತಪಸ್ಸುಕಾಲದಲ್ಲಿ ಮಾಂಸ ಬಿಡುವ ಊರಾದ್ದರಿಂದ ಅಂಥ ಗಡಿಗೆ ಮನೆಮನೆಯಲ್ಲೂ ಇರುತ್ತಿತ್ತು. ಹೆಂಡ ಏರಿಸಿಕೊಂಡು ಮುಸುಕು ಹಾಕಲು ಹೋದ ಇನ್ನಾಸಪ್ಪ ಸ್ವರೂಪವನ್ನು ಕೆಡವಿ ಒಡೆದು, ಚೂರುಗಳನ್ನು ಹೊಳೆಗೆ ಸುರಿದು, ಮನೆಯಿಂದ ಕೈಗೆ ಸಿಕ್ಕಿದ್ದನ್ನು ತಂದು ನಿಲ್ಲಿಸಿದ್ದ. ಗಡಿಗೆಯನ್ನು ತೊಳೆದು ಇಡುವಷ್ಟು ಮರ್ಯಾದೆಯೂ ಆ ಪ್ರಾಣಿಗಿರಲಿಲ್ಲ. ಗಡಿಗೆಗೆ ಅಂಟಿಕೊಂಡಿದ್ದ ಮೀನೆಲ್ಲ ಭಕ್ತರು ಚಿಮುಕಿಸಿದ ಪನ್ನೀರಿಗೆ ನೆನೆದು ಕೊಳೆತು, ಅಂಚಿನಿಂದ ಹುಳು ಉದುರುತ್ತಿದ್ದವು.

ಮಲ್ಲಿಗೆ ಮೂಸಿದ್ದ ಜನ ಆಗ ಮೂಗು ಮುಚ್ಚಿಕೊಂಡು ಹೊರಗೋಡಿ ವಾಂತಿ ಮಾಡಿದರು. ಇನ್ನಾಸಪ್ಪನನ್ನು ಬಯ್ದರು, ಆಮೇಲೆ ಇಲ್ಲಿ ಯಾವ ಅಮ್ಮನೂ ಇಲ್ಲವೆಂದು ಗುಡಿಯನ್ನೇ ಬಯ್ದು ಗುಡ್ಡ ಇಳಿದರು. ತಮ್ಮ ಮೂಗನ್ನು ಮಾತ್ರ ಒಬ್ಬರೂ ಬಯ್ದುಕೊಳ್ಳಲಿಲ್ಲ. ಮದಲೇನಮ್ಮ ಗಡಿಗೆಯನ್ನು ಹೊತ್ತು ಆಚೆ ಎಸೆದಳು. ಗೂಡನ್ನು ಬೂದಿ ಹಾಕಿ ತಿಕ್ಕಿದಳು, ಬಟ್ಟೆಯನ್ನು ಹೊಳೆಯಲ್ಲಿ ಒಗೆದು ತಂದು ಕಟ್ಟಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೈಮುಗಿದಳು. ಹಿಂದುಳಿದಿದ್ದ ನೆರೆಯವಳೊಬ್ಬಳು, ಬರೀ ಗೂಡಿಗೆ ಏನು ಮುಗಿಯುತ್ತೀಯೇ ಎಂದದ್ದಕ್ಕೆ, "ಮಣ್ಣು ಇದ್ದಾಗ್ಲೂ ನಾನು ಮಣ್ಣಿಗೆ ಮುಗೀಲಿಲ್ಲ ಕಣಕ್ಕ, ಕಾಣ್ದಿರೋಳಿಗೇ ಮುಗೀತಿದ್ದೆ," ಎಂದಳಂತೆ.

ಮಗಳು ಉಳಿಯಲಿಲ್ಲ. ಪಾಸ್ಕ ಹಬ್ಬಕ್ಕೆ ಮುಂಚೆಯೇ ಮಣ್ಣು ಮಾಡಿದರು. ಇನ್ನು ಇವಳೂ ಗುಡ್ಡ ಹತ್ತುವುದಿಲ್ಲ ಎಂದುಕೊಂಡರು ಊರವರು. ಮಾರನೆಯ ಬೆಳಿಗ್ಗೆ ಅವಳು ಮುಸುಕನ್ನು ಒಗೆಯಲು ಹೊಳೆಗೆ ಹೋಗುವುದನ್ನು ನೋಡಿ ಯಾರಿಗೂ ತಲೆ ಎತ್ತಲಾಗಲಿಲ್ಲ. ಹಬ್ಬಕ್ಕೆ ಬಂದ ಪಾದ್ರಿಗಳು ಇನ್ನಾಸಪ್ಪನನ್ನು ಯಜಮಾನಿಕೆಯಿಂದ ಇಳಿಸಿ, ಹೊಸ ಸ್ವರೂಪ ತರಿಸುತ್ತೇನೆಂದರು. "ಬ್ಯಾಡಿ ಸ್ವಾಮಿ," ಎಂದಳು ಮದಲೇನಮ್ಮ. "ನಮ್ ಜನಕ್ಕೆ ಏನಾರ ಒಂದು ಕಂಡ್ರೆ, ಇಲ್ದಿರೋದೂ ಕಾಣಾಕೆ ಸುರುವಾಯ್ತದೆ."

ಅಂದಿನಿಂದ ಇದು ಮುಸುಕಮ್ಮನ ಗುಡ್ಡ. ಇಂದಿಗೂ ಶನಿವಾರಗಳಂದು ಊರಿನ ಹೆಂಗಸೊಬ್ಬಳು ಆ ಬಟ್ಟೆಯನ್ನು ಹೊಳೆಗೆ ಒಯ್ದು, ಅಂಟುವಾಳ ಕಾಯಿ ಹಾಕಿ ಒಗೆದು, ಬಂಡೆಯ ಮೇಲೆ ಒಣಹಾಕುವುದನ್ನು ಬಂದವರು ನೋಡಬಹುದು. ಯಾರ ಮನೆಯಲ್ಲಿ ಮಗು ಕಾಯಿಲೆ ಬಿದ್ದು ಮಲಗಿದೆಯೋ ಆ ವಾರದ ಸರದಿ ಆ ತಾಯಿಯದು. ಈಗಲೂ ದೂರದೂರಿನ ಯಾರಾದರೊಬ್ಬರು ಗೂಡಿನ ಮುಂದೆ ನಿಂತು, ಕಣ್ಣು ಮುಚ್ಚಿ, ಆಹಾ ಮಲ್ಲಿಗೆ ಎಂದುಬಿಡುತ್ತಾರೆ. ಹಿರಿಯರು ವಾದಕ್ಕೆ ಹೋಗುವುದಿಲ್ಲ, ಎದ್ದು ಬಂಡೆಯ ಆಚೆಗೆ ಹೋಗಿ ಉಗಿದು ಬರುತ್ತಾರೆ. ಅಲ್ಲಿ ಬರುವುದು ಒಗೆದ ಬಟ್ಟೆಯ ವಾಸನೆ.