ಕಡಲಾಚೆಯ ಎಡೆ

ಹೂ ಮಾರುವ ಪುಟ್ಟಲಿಂಗಮ್ಮ ಫುಟ್‌ಬಾಲ್ ನೋಡಲು ಪರದೇಶಕ್ಕೆ ಹೊರಟಿದ್ದಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟ್ ಹಿಡಿದುಕೊಂಡು ಗದರಿದ.

“ಮೆಚ್ಚಿನ ತಂಡ ಅಂತೀಯ. ಗೋಲ್‌ಕೀಪರ್ ಯಾರು ಹೇಳು?”

“ಗೊತ್ತಿಲ್ಲ ಸಾರ್.”

“ಸುಳ್ಳು ಹೇಳಿ ದೇಶ ಬಿಡ್ತೀಯಾ? ನಡಿ ಆಚೆಗೆ!”

“ಮೆಚ್ಚಿದ್ದವನು ನನ್ನ ಮಗ. ಹೋದ ವರ್ಷ ತೀರಿಕೊಂಡ. ಹಿರಿಯರ ಎಡೆಗೆ ಅವರಿಗಿಷ್ಟ ಅಂತ ಬೀಡಿ ಇಡ್ತೀವಲ್ಲ, ಇಟ್ಟೋರಿಗೂ ಸೇದೋಕೆ ಬರಬೇಕಾ ಸಾರ್? ಇವನಿಗಿಷ್ಟವಾದ ಆಟವನ್ನ ಬಾಳೆಲೆ ಮೇಲೆ ಬಡಿಸೋಕಾಗಲ್ಲ. ಅದಕ್ಕೇ ನಾನೇ ಹೊರಟೆ.”

ಅಧಿಕಾರಿ ಪಾಸ್‌ಪೋರ್ಟ್ ಬಿಡಿಸಿದ. ಮೆಲ್ಲಗೆ ಮುದ್ರೆ ಒತ್ತಿದ.

“ಎಡೆಯನ್ನ ಕಾಗೆ ಮುಟ್ಟಬೇಕಲ್ಲಮ್ಮ?”

“ಗೋಲಾದ್ರೆ ಮುಟ್ಟಿದ ಹಾಗೆ.”

“ಆ ತಂಡ ಈಚೆಗೆ ಗೋಲೇ ಹೊಡೀತಿಲ್ಲ ತಾಯಿ.”

ಪುಟ್ಟಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇವನಪ್ಪನ ಎಡೆಗೂ ಕಾಗೆ ತಡವಾಗೇ ಬಂದಿದ್ದು ಸಾರ್. ಕಾಯ್ತೀನಿ.”